ಹನುಮಕ್ಕನ ಬಾವಿಯ ಹಗ್ಗ

ಕೋಣೆಯ ಬಾಡಿಗೆ ಎಷ್ಟೆಂದು ನಾವು ಕೇಳುವ ಮೊದಲೇ ಮನೆಯೊಡತಿ ಹನುಮಕ್ಕ ಬಾವಿಯ ಹಗ್ಗವನ್ನು ರಾಟೆಯಿಂದ ಇಳಿಸಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡರು. ಆಮೇಲೆ ಕೇಳಿದರು: “ನೀವು ಯಾವ ಜನ?”

ನಮ್ಮ ಗದಗಿನಲ್ಲಿ ಜಾತಿ ಕೇಳುವುದಿಲ್ಲವೆಂದಲ್ಲ. ಅಲ್ಲಿ ಅಪ್ಪನ ಹೆಸರು ಹೇಳಿದರೆ ಉಳಿದದ್ದು ತಾನೇ ತಿಳಿಯುತ್ತದೆ. ಇಲ್ಲಿ ಜಾಲಹಳ್ಳಿಯ ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಜನ ಬಂದು ಇಳಿಯುತ್ತಿದ್ದಾರೆ. ಕ್ವಾರ್ಟರ್ಸ್ ಸಿಗದ ನಮ್ಮಂಥವರು ಸುತ್ತಲ ಹಳ್ಳಿಗಳಲ್ಲಿ ಕೋಣೆ ಹುಡುಕಬೇಕು. ಬಾಗಲಗುಂಟೆಯ ಹನುಮಕ್ಕನಿಗೆ ನಮ್ಮಪ್ಪ ಯಾರೋ ಏನೋ. ನಾನು ದೇವರನ್ನೂ ಜಾತಿಯನ್ನೂ ಒಪ್ಪದವನು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದನ್ನೇ ವಾದಿಸಿ ಬಹುಮಾನ ಗೆದ್ದವನು. ಆದರೆ ಕೋಣೆ ಬೇಕಿತ್ತು. “ಲಿಂಗವಂತರು” ಎಂದೆ. ಜೊತೆಗೆ ಬಂದಿದ್ದ ಬೆಟಗೇರಿಯ ಕ್ರೈಸ್ತ ಗೆಳೆಯ ಆನಂದಪ್ಪ ನನ್ನತ್ತ ಕೈ ತೋರಿಸಿ, ತಾನೂ ಇವರ ಪೈಕಿ ಎಂದ. ಹಗ್ಗ ರಾಟೆಗೆ ಮರಳಿತು.

ರೊಟ್ಟಿ ಮುರಿದು ಬೆಳೆದ ನಾವು ರಾಗಿಮುದ್ದೆಯನ್ನು ಅಗಿಯದೆ ನುಂಗಲು ಕಲಿತೆವು. ನಮ್ಮ ಮಾತು ಹನುಮಕ್ಕನಿಗೆ ಜಗಳದಂತೆ ಕೇಳಿಸುತ್ತಿತ್ತು. ಅವರ ‘ಇಂಗೆ, ಅಂಗೆ’ ನಮಗೆ ಅರ್ಧ ನುಂಗಿದ ಕನ್ನಡ. ಆನಂದಪ್ಪ ಅವರ ಎಮ್ಮೆಗೆ ದಿನವೂ ನೀರು ಸೇದಿ ಹಾಕಿ ಮನೆಮಗನೇ ಆಗಿಬಿಟ್ಟ. ಭಾನುವಾರ ಮಾತ್ರ ಓವರ್‌ಟೈಮ್ ಎಂದು ಸುಳ್ಳು ಹೇಳಿ, ಬೈಬಲ್ಲನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಜಾಲಹಳ್ಳಿಯ ಪ್ರಾರ್ಥನೆಗೆ ಹೋಗುತ್ತಿದ್ದ.

ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸರಕು ಬೇಕೆ? ಜಗಳ ತೆಗೆಯಲೆಂದೇ ಅವನ ಬೈಬಲ್ ಓದಿದ್ದೆ.

“ನಿಮ್ಮ ಯೇಸುನ ಶಿಷ್ಯ ಪೇತ್ರ ಒಬ್ಬಾಕಿ ಕೆಲಸದ ಹುಡುಗಿಗೆ ಅಂಜಿ, ಕೋಳಿ ಕೂಗೂದರೊಳಗ ಮೂರು ಸಲ ಗುರುನ್ನ ಗೊತ್ತೇ ಇಲ್ಲಂದ. ಅಂಥಾವರನ್ನ ನಂಬಿ ಕಟ್ಟಿದ ನಿಮ್ಮ ಸಭೆ ಎಷ್ಟು ದಿನ ನಿಂತೀತಲೇ?”

“ಅಂವಾ ಅಂಜದಿದ್ದರ ಅದರಾಗ ನನಗ ಜಾಗಾನ ಇರ್ತಿರಲಿಲ್ಲ” ಎಂದ ಆನಂದಪ್ಪ.

ನುಣುಚಿಕೊಳ್ಳುವ ಉತ್ತರ ಎಂದುಕೊಂಡೆ.

ಬೇಸಿಗೆಯಲ್ಲಿ ಹಳ್ಳಿಯಾಚೆಯ ಗುಡಿಸಲಿಂದ ತುಂಬು ಬಸುರಿಯೊಬ್ಬಳು ಕೊಡ ಹಿಡಿದು ಬಂದಳು. ಗಂಡ ಕಾರ್ಖಾನೆಯ ಕೂಲಿ. ಇಬ್ಬರೂ ಕ್ರೈಸ್ತರೆಂದು ಊರಿಗೆಲ್ಲ ಗೊತ್ತಿತ್ತು. ಹನುಮಕ್ಕ ಹಗ್ಗ ಸುತ್ತಿಟ್ಟರು. ಬಾವಿಕಟ್ಟೆಯ ಮೇಲಿದ್ದ ಆನಂದಪ್ಪನನ್ನು ಕಂಡು ಆಕೆಯ ಮುಖ ಅರಳಿತು. ಪ್ರಾರ್ಥನೆಯಲ್ಲಿ ಅವನನ್ನು ವಾರವಾರ ನೋಡುವವಳು.

“ಇವ್ಳು ನಿಂಗೆ ಗೊತ್ತೇನಪ್ಪಾ?” ಹನುಮಕ್ಕ ಕೇಳಿದರು.

“ಇಲ್ಲ.”

ಆಕೆ ಖಾಲಿ ಕೊಡವನ್ನು ಸೊಂಟಕ್ಕೇರಿಸಿ ಹೊರಟುಹೋದಳು. ಊಟಕ್ಕೆ ಕೂತಾಗ ನಾನು ಬಿಡಲಿಲ್ಲ: “ಕೋಳಿ ಕೂಗಿತೇನಲೇ?” ಅವನು ಮುದ್ದೆ ಮುಟ್ಟದೆ ಎದ್ದ.

ಆ ಭಾನುವಾರ ಅವನು ಓವರ್‌ಟೈಮ್ ಎನ್ನಲಿಲ್ಲ. ಬೈಬಲ್ಲಿಗೆ ಸುತ್ತಿದ್ದ ಪತ್ರಿಕೆ ಬಿಚ್ಚಿಟ್ಟು ಅಂಗಳದಲ್ಲಿ ನಿಂತ. ಒಮ್ಮೆ ನಾನಿದ್ದ ಬಾಗಿಲತನಕ ಹಿಂದೆ ಬಂದು, ಮತ್ತೆ ಹೋಗಿ ಹನುಮಕ್ಕನೆದುರು ನಿಂತ.

“ಅಮ್ಮಾ, ಅವತ್ತು ಬಂದಾಕಿ ನನಗ ಗೊತ್ತು. ನಾನೂ ಅವರ ಜನಾನ, ಯೇಸುವಿನ ಕಡೆಯವ. ನಿಮಗ ಸುಳ್ಳು ಹೇಳಿದ್ದೆ.”

ಹನುಮಕ್ಕ ಬೈಯಲಿಲ್ಲ. ರಾಟೆಯ ಹಗ್ಗಕ್ಕೆ ಕೈ ಹಾಕಿದರು. “ನಿಂಗೇನೋ ಧೈರ್ಯ ಬಂತು ಕಣಪ್ಪಾ. ನಾನು ಈ ಊರಾಗೇ ಬಾಳ್ಬೇಕಲ್ಲ” ಎಂದು ಕಣ್ಣೊರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, ನೀನಿರಬಹುದು, ನಿಂದೇನೂ ತೊಂದರೆಯಿಲ್ಲ ಎಂದರು.

ಅವನಿಂದ ಅದನ್ನು ಹೇಳಿಸಿದ್ದು ಅಪರಾಧಪ್ರಜ್ಞೆಯಷ್ಟೇ, ದೇವರೇನೂ ಇಳಿದು ಬಂದಿಲ್ಲ ಎಂದು ನಾನು ಈಗಲೂ ವಾದಿಸಬಲ್ಲೆ. ಆದರೆ ಅಪರಾಧಪ್ರಜ್ಞೆ ನನಗೂ ಇದೆಯಲ್ಲ? ಅದು ನನ್ನನ್ನು ಎಂದೂ ಅಂಗಳಕ್ಕೆ ತಂದು ನಿಲ್ಲಿಸಿಲ್ಲ. ಆ ಪುಕ್ಕಲನನ್ನು ನಿಲ್ಲಿಸಿದ್ದು ಏನು? ನಾನೇ ಒಪ್ಪದ ಜಾತಿಯ ಹೆಸರಿನಿಂದ ಸಿಕ್ಕ ಕೋಣೆಯಲ್ಲಿ ಒಬ್ಬನೇ ಕೂತು ಇದನ್ನು ಯೋಚಿಸಲಾರದೆ ನಾನೂ ಟ್ರಂಕು ಎತ್ತಿಕೊಂಡೆ.

ಈಗ ದಾಸರಹಳ್ಳಿಯಲ್ಲಿದ್ದೇವೆ. ಅವನ ಕೂಡ ಇದ್ದು ನೀನೂ ಆ ಕಡೆಯವನಾದೆಯಾ ಎಂದು ಅವ್ವ ಗದಗಿನಿಂದ ಕಾಗದ ಬರೆಸುತ್ತಾಳೆ. ಪ್ರಾರ್ಥನೆಯ ಜನ ನನ್ನನ್ನು ಇನ್ನೂ ಬಾರದವನೆಂಬಂತೆ ನೋಡುತ್ತಾರೆ. ಈ ಕೋಣೆ ಹುಡುಕುವಾಗ ಎಷ್ಟೋ ಬಾಗಿಲು ಮುಚ್ಚಿದವು, ಏಕೆಂದರೆ ಕೇಳುವ ಮೊದಲೇ ಆನಂದಪ್ಪ ತಾನು ಕ್ರೈಸ್ತ ಎನ್ನುತ್ತಿದ್ದ. ಹಾಗೆಂದು ಪ್ರತಿಸಲವೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಈ ಮನೆಯ ಯಜಮಾನ ಮುದುಕರು ಆಗಲಿ ಎಂದು ತಲೆಯಾಡಿಸಿ ನನ್ನತ್ತ ತಿರುಗಿದರು: “ತಾವು?”

ಯಾವ ವೇದಿಕೆಯಲ್ಲೂ ತಡವರಿಸದವನು ನಾನು. ಆನಂದಪ್ಪನ ಮುಖ ನೋಡಿದೆ. ಅವನು ಹೇಳಿಕೊಡಲಿಲ್ಲ. ಕಾದು ಬೇಸತ್ತ ಮುದುಕರು, “ಇಬ್ರೂ ಒಂದೇ ಅಂದ್ಕೊತೀನಿ” ಎನ್ನುತ್ತ ಬೀಗದಕೈ ಕೊಟ್ಟರು.

ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ.