ತೀರಾ ಸರಿಯಾದ ಉತ್ತರ

ನಂಜುಂಡ ಊಟದೆಲೆಯ ಮೇಲೆ ಮಜ್ಜಿಗೆಯಲ್ಲಿ ಲೆಕ್ಕ ಬರೆಯುತ್ತಿದ್ದ. ಬೆರಳನ್ನು ಮಜ್ಜಿಗೆಗೆ ಅದ್ದಿ ಹಸಿರೆಲೆಯ ಮೇಲೆ ಬಿಳಿ ಅಕ್ಷರ ಎಳೆಯುತ್ತಾ ಕೂತರೆ, ಪಕ್ಕದವರೆಲ್ಲ ಎದ್ದು ಕೈ ತೊಳೆದು ಬಂದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಉತ್ತರ ಬಂದ ಮೇಲೆ ಅದನ್ನೇ ಬೆರಳಿನಿಂದ ಬಳಿದು ನೆಕ್ಕಿಬಿಡುತ್ತಿದ್ದ. "ಎಲೆ ಮ್ಯಾಲೆ ಬರೆದದ್ದು ಹಣೆ ಮ್ಯಾಲೆ ಬರಕ್ಕಿಲ್ಲ, ಏಳ್ಲಾ ಮಗಾ" ಎಂದು ನಮ್ಮಜ್ಜಿ ಗದರುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಆ ಮನೆಯಲ್ಲಿ ಎಲ್ಲರೂ ಕೂಡಿ ನಗುವುದಕ್ಕೆ ಆ ದಿನಗಳೇ ಕೊನೆ ಎಂದು ಯಾರಿಗೆ ಗೊತ್ತಿತ್ತು.

ಅವನು ನನ್ನ ಸೋದರಮಾವ ಮರೀಗೌಡರ ಒಬ್ಬನೇ ಮಗ, ತಾಯಿಯಿಲ್ಲದವನು. ಅಜ್ಜಿಯೇ ಸಾಕಿದ್ದಳು. ಮಾವನಿಗೆ ಅಗ್ರಹಾರದಲ್ಲಿ ಅಕ್ಕಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಮ್ಮದು ಪಕ್ಕದ ಬೀದಿ. ಮಾವ ಸೇರಿನ ಮೇಲೆ ಗೋಪುರ ಏಳುವಂತೆ ಅಕ್ಕಿ ಅಳೆದು, ಚೀಲಕ್ಕೆ ಸುರಿದ ಮೇಲೂ ಒಂದು ಹಿಡಿ ಹಾಕಿ ಕೊಡುವವರು. "ಅಳತೆ ತಪ್ಪಿದೋನು ಕಳ್ಳ" ಎನ್ನುವುದೊಂದೇ ಅವರಿಗೆ ಗೊತ್ತಿದ್ದ ಶಾಸ್ತ್ರ. ನಂಜುಂಡನಿಗೇ ನನ್ನನ್ನು ಕೊಡುವುದೆಂದು ಹಿರಿಯರಲ್ಲಿ ಮಾತಿತ್ತು. ಹಾಗಾಗಿ ಹೈಸ್ಕೂಲಿನಲ್ಲಿದ್ದ ನಾನು ಆ ಮನೆಗೆ ಹೋಗಿಬರುವುದನ್ನು ಯಾರೂ ಕೇಳುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದ ಕಾಲ ಅದು. ಸ್ವಲ್ಪ ಲೆಕ್ಕ ಬರುವ ಹುಡುಗರೆಲ್ಲ ಇಂಜಿನಿಯರಾಗಿ ಅಣೆಕಟ್ಟು ಕಟ್ಟುವವರೇ. ಇಂಟರ್‌ಮೀಡಿಯೆಟ್ ಓದುತ್ತಿದ್ದ ನಂಜುಂಡ ಮಾತ್ರ ಬೇರೆ ದಾರಿ ಹಿಡಿದಿದ್ದ.

"ಇಂಜಿನಿಯರೂ ಬ್ಯಾಡ, ಡಾಕ್ಟ್ರೂ ಬ್ಯಾಡ. ಮತ್ತೇನ್ಲಾ ಆಯ್ತೀಯ?" ಎಂದು ಮಾವ ಕೇಳಿದರು.

"ಭೌತಶಾಸ್ತ್ರ ಓದ್ತೀನಪ್ಪ. ಅದ್ರಲ್ಲೂ ಬರೀ ಥಿಯರಿ. ಪ್ರಪಂಚ ಎಂಗೆ ನಡೀತದೆ ಅಂತ ಲೆಕ್ಕ ಹಾಕಿ ಕಂಡುಹಿಡಿಯೋದು."

"ಅದರ ಪಾಡಿಗೆ ಅದು ನಡೀತಾ ಐತಲ್ಲ. ನೀನ್ಯಾಕೆ ಲೆಕ್ಕ ಹಾಕ್ಬೇಕು?"

ಕೊನೆಗೆ ಅಜ್ಜಿಯ ಮಾತಿಗೆ ಒಪ್ಪಿದರು. ಫಸ್ಟ್ ಕ್ಲಾಸ್ ಬಂದರೆ ಬೆಂಗಳೂರಿನಲ್ಲಿ ಆನರ್ಸ್; ಏನಾದರೂ ಹೆಚ್ಚುಕಮ್ಮಿಯಾದರೆ ಅಂಗಡಿ. ನಂಜುಂಡ ಕುಣಿದಾಡಿದ. ಪ್ರಯೋಗಾಲಯ ಎಂದರೆ ಅವನಿಗೆ ತಾತ್ಸಾರ. "ನೋಡಿ ತಿಳ್ಕೊಳೋದು ಏನ್ ದೊಡ್ಡದು ಜಯೀ, ದನಾನೂ ನೋಡ್ತದೆ. ನೋಡ್ದೆ ತಿಳ್ಕೋಬೇಕು ಕಣೇ" ಎನ್ನುತ್ತಿದ್ದ. ದೇವರು ಎಲ್ಲ ಮಾತನ್ನೂ ಕೇಳಿಸಿಕೊಳ್ಳುತ್ತಾನೆ ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅವನು ಹೇಳಿದ್ದೆಲ್ಲ ನನಗೆ ವೇದವಾಗಿತ್ತು.

ಕಾಲೇಜು ಮತ್ತೆ ಶುರುವಾದ ದಿನಗಳಲ್ಲೇ ಒಂದು ಬೆಳಿಗ್ಗೆ ಸೂರ್ಯಗ್ರಹಣ ಬಂತು. ಗ್ರಹಣ ಹಿಡಿದಾಗ ಹರಿವಾಣದಲ್ಲಿ ನೀರು ತುಂಬಿ ಅದರಲ್ಲಿ ಒನಕೆ ನಿಲ್ಲಿಸುವುದು ನಮ್ಮ ಕಡೆ ರೂಢಿ. ಗ್ರಹಣ ಬಿಡುವವರೆಗೂ ಒನಕೆ ಬೀಳುವುದಿಲ್ಲ ಎನ್ನುತ್ತಾರೆ. ಆಕಾಶಕ್ಕೆ ಮುಖ ಎತ್ತಬಾರದು. ನೋಡಲೇಬೇಕೆಂದರೆ ಇನ್ನೊಂದು ಹರಿವಾಣದಲ್ಲಿ ಸಗಣಿ ಕದಡಿದ ನೀರಿಟ್ಟು, ಅದರೊಳಗೆ ಸೂರ್ಯನನ್ನು ನೋಡಬೇಕು. ಈ ಸಲ ಮೊಮ್ಮಗ ಎಲ್ಲಿ ಮೇಲೆ ನೋಡಿಬಿಡುತ್ತಾನೋ ಎಂದು ಅಜ್ಜಿ ಹಿಂದಿನ ದಿನದಿಂದಲೇ ಗೋಗರೆಯುತ್ತಿದ್ದಳು.

"ಆಗ್ಲಜ್ಜಿ, ಮ್ಯಾಲೆ ನೋಡಕ್ಕಿಲ್ಲ. ಆದ್ರೆ ಸಗಣಿ ಬ್ಯಾಡ, ತಿಳಿನೀರು ಇಡು. ಅಂಚು ಸರಿಯಾಗಿ ಕಾಣ್ಬೇಕು" ಎಂದ. ನೀರು ನೂರಕ್ಕೆ ಎರಡು ಮೂರು ಪಾಲು ಬೆಳಕನ್ನಷ್ಟೇ ವಾಪಸು ಕಳಿಸುತ್ತದೆ, ಕಣ್ಣಿಗೆ ಏನೂ ಆಗುವುದಿಲ್ಲ ಎಂದು ನನಗೆ ಲೆಕ್ಕ ಸಮೇತ ವಿವರಿಸಿದ. ಅವನು ಇಷ್ಟಕ್ಕಾದರೂ ಒಪ್ಪಿದನಲ್ಲ ಎಂಬ ಸಂತೋಷಕ್ಕೆ ಅಜ್ಜಿ ತನ್ನ ಮದುವೆಯ ಹಿತ್ತಾಳೆ ಹರಿವಾಣ ತೆಗೆದು, ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವ ಹಾಗೆ ತಿಕ್ಕಿ, ತಿಳಿನೀರು ತುಂಬಿಟ್ಟಳು. ನಂಜುಂಡ ನೀರನ್ನು ಲೆಕ್ಕಕ್ಕೆ ಹಿಡಿದಿದ್ದ. ನೀರಿನ ಕೆಳಗೆ ಕನ್ನಡಿಯಾಗಿದ್ದ ಹಿತ್ತಾಳೆಯನ್ನು ಹಿಡಿದಿರಲಿಲ್ಲ.

ಬಿಸಿಲು ಕಂದುತ್ತಾ ಬಂತು. ಕಾಗೆಗಳು ಸುಮ್ಮನಾದವು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹಿತ್ತಲಿನಲ್ಲಿ ಒನಕೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ರೆಪ್ಪೆ ಬಡಿಯುವುದಕ್ಕೂ ಜಿಪುಣತನ ಮಾಡುತ್ತಾ, ಗ್ರಹಣ ಬಿಡುವವರೆಗೂ ಅವನು ಹರಿವಾಣಕ್ಕೆ ಬಗ್ಗಿಯೇ ಇದ್ದ. ಬಾಗಿಲಲ್ಲಿ ನಿಂತಿದ್ದ ನನಗೆ ಯಾಕೋ ಹೆದರಿಕೆಯಾಗಿ ಎರಡು ಸಲ ಕರೆದೆ. ಅವನು ಕೈಯಾಡಿಸಿ ಸುಮ್ಮನಿರು ಎಂದ.

ಮಾರನೆಯ ದಿನ ಪುಸ್ತಕ ನನ್ನ ಮುಂದೆ ಹಿಡಿದು ಕೇಳಿದ: "ಜಯೀ, ಇದರ ಮಧ್ಯೆ ಮಸಿ ಚೆಲ್ಲಿದ್ಯಾ?"

ಮಸಿ ಎಲ್ಲೂ ಇರಲಿಲ್ಲ. ಪುಟ ತಿರುವಿದ, ಕಲೆ ಆ ಪುಟದಲ್ಲೂ ಇತ್ತು. ಗೋಡೆ ನೋಡಿದ, ಗೋಡೆಯ ಮೇಲೂ ಇತ್ತು. ಆಮೇಲೆ ನನ್ನ ಮುಖ ನೋಡಿದ.

ಗುಟ್ಟಾಗಿ ಕಣ್ಣಿನ ಡಾಕ್ಟರ ಬಳಿ ಹೋಗಿಬಂದ. ಕಣ್ಣೊಳಗಿನ ಪರದೆ ನಡುವೆ ಸುಟ್ಟಿದೆ, ಅದು ವಾಸಿಯಾಗುವ ನಂಬಿಕೆಯಿಲ್ಲ ಎಂದರಂತೆ. ನಡೆದಾಡಲು, ಉಣ್ಣಲು ತೊಂದರೆಯಿಲ್ಲ. ಆದರೆ ಯಾವುದನ್ನು ನೇರವಾಗಿ ನೋಡಿದರೂ ಅದೇ ಮಾಯ. ಏನಾದರೂ ಕಾಣಬೇಕೆಂದರೆ ಅದನ್ನು ಬಿಟ್ಟು ಪಕ್ಕಕ್ಕೆ ನೋಡಬೇಕು, ಆಗ ಓರೆಯಲ್ಲಿ ಮಂಕಾಗಿ ಸಿಗುತ್ತದೆ. "ಅಪ್ಪಂಗೆ ಗೊತ್ತಾದ್ರೆ ನಾಳೆಯಿಂದ್ಲೇ ಅಂಗ್ಡಿ. ಅಜ್ಜಿಗೆ ಗೊತ್ತಾದ್ರೆ ಅವಳು ಉಳಿಯಕ್ಕಿಲ್ಲ. ನಾನು ಈ ಮನೇಲಿ ಇರೋಗಂಟ ಯಾರಿಗೂ ಹೇಳ್ಕೂಡ್ದು" ಎಂದು ನನ್ನಿಂದ ಮಾತು ತೆಗೆದುಕೊಂಡ.

ಅಂದಿನಿಂದ ನಾನು ಓದುವವಳು, ಅವನು ಕೇಳುವವನು. ನನಗೆ ಅರ್ಥವಾಗದ ಇಂಗ್ಲಿಷನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವನು ಕಣ್ಣು ಮುಚ್ಚಿ ಲೆಕ್ಕವನ್ನು ತಲೆಯಲ್ಲೇ ಮುಗಿಸುತ್ತಿದ್ದ. ಹೊಸದೇನಾದರೂ ಹೊಳೆದರೆ ಮುಖ ಅರಳುತ್ತಿತ್ತು. "ನೋಡ್ದಾ, ಕಣ್ಣೇ ಬೇಕಾಗಿಲ್ಲ" ಎನ್ನುತ್ತಿದ್ದ. ನಾನೂ ನಂಬಿದೆ. ಇಬ್ಬರೂ ಒಂದನ್ನು ಮರೆತಿದ್ದೆವು. ಥಿಯರಿಯವನೇ ಆಗಲಿ, ಪ್ರಾಕ್ಟಿಕಲ್ ಪರೀಕ್ಷೆ ಪಾಸಾಗದೆ ಮುಂದೆ ಹೋಗುವ ಹಾಗಿರಲಿಲ್ಲ.

ವರ್ಷಪೂರ್ತಿ ಪ್ರಯೋಗಾಲಯದಲ್ಲಿ ಗೆಳೆಯನೊಬ್ಬನ ಜೊತೆಗೂಡಿ ಹೇಗೋ ತಳ್ಳಿದ್ದ. ಬರೆಯುವ ಪರೀಕ್ಷೆಗಳಿಗಿಂತ ಮೊದಲೇ ಬಂದ ಆ ಪರೀಕ್ಷೆಯಲ್ಲಿ ಒಬ್ಬನೇ. ಲೋಲಕದ ಪ್ರಯೋಗ ಬಂತು: ದಾರದ ಉದ್ದ ಬದಲಿಸುತ್ತಾ, ಗುಂಡು ತೂಗಾಡುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ ಬರೆಯಬೇಕು. ಅಳತೆಪಟ್ಟಿಯ ಗೆರೆಯೂ ಕಾಣಲಿಲ್ಲ, ಗಡಿಯಾರದ ಮುಳ್ಳೂ ಕಾಣಲಿಲ್ಲ. ನಂಜುಂಡ ಸೂತ್ರ ಹಿಡಿದು, ಯಾವ ಉದ್ದಕ್ಕೆ ಎಷ್ಟು ಹೊತ್ತು ಬರಬೇಕೋ ಅಷ್ಟನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಬರೆದುಬಿಟ್ಟ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆಯನ್ನು ಬಹಳ ಹೊತ್ತು ನೋಡಿದರಂತೆ.

"ಇಷ್ಟು ಸರಿಯಾಗಿ ದೇವರೂ ಅಳೆಯೋಕಾಗಲ್ಲ ಕಣಯ್ಯ. ಅಳೆದವನ ಕೈಯಲ್ಲಿ ಒಂದಾದ್ರೂ ತಪ್ಪಿರುತ್ತೆ. ನೀನು ಅಳೆದೇ ಇಲ್ಲ."

ಮೋಸ ಎಂದು ಬರೆದರು. ಆ ಸಲದ ಪರೀಕ್ಷೆ ರದ್ದಾಯಿತು, ಇನ್ನೊಂದು ವರ್ಷ ಕೂರುವ ಹಾಗಿಲ್ಲ ಎಂದಾಯಿತು.

"ಒಂದೆರಡು ಕಡೆ ಸ್ವಲ್ಪ ತಪ್ಪು ಸೇರಿಸ್ಬಾರ್ದಿತ್ತಾ?" ಎಂದು ನಾನು ಅತ್ತೆ.

"ಯೋಚ್ನೆ ಬಂತು ಕಣೇ. ಬೇಕು ಅಂತ್ಲೇ ತಪ್ಪು ಬರೆಯೋಕೆ ಕೈ ಓಡ್ಲಿಲ್ಲ."

"ಓಗ್ಲಿ, ಕಣ್ಣಿನ ವಿಷ್ಯ ಈಗ್ಲಾದ್ರೂ ಹೇಳು."

"ಕಳ್ಳ ಅಂದ್ರೆ ಇನ್ನೊಂದ್ ಸಲ ಪರೀಕ್ಷೆಗೆ ಕೂರಿಸ್ತಾರೆ ಜಯೀ. ಕುರುಡ ಅಂದ್ರೆ?"

ಮಾವ ಹೊಡೆಯಲಿಲ್ಲ, ಬಯ್ಯಲಿಲ್ಲ. ಮಗನ ಜೊತೆ ಮಾತು ನಿಲ್ಲಿಸಿದರು. ಅಂಗಡಿಗಾದರೂ ಕೂರಿಸು ಎಂದು ಯಾರೋ ಹೇಳಿದ್ದಕ್ಕೆ, "ಸುಳ್ಳು ಅಳತೆ ಬರೆದೋನ ಕೈಗೆ ಸೇರು ಕೊಡಕ್ಕಿಲ್ಲ" ಎಂದರು. ಅಕ್ಕಿ ಮೂಟೆಗಳ ಹಿಂದಿನ ಕೋಣೆಯಲ್ಲಿ ನಂಜುಂಡ, ಮುಂದೆ ಅವನಪ್ಪ, ಮಧ್ಯೆ ಒಂದು ಬಾಗಿಲು. ಅಜ್ಜಿ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸುತ್ತಿದ್ದಳು. ನಾನು ಮೊದಲಿನಂತೆಯೇ ಹೋಗಿ ಓದಿ ಹೇಳುತ್ತಿದ್ದೆ.

ಅವನಿಗೆ ನನ್ನನ್ನು ಕೊಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ನನ್ನಪ್ಪ ಮಂಡ್ಯದ ಕಡೆ ಗಂಡು ಗೊತ್ತು ಮಾಡಿದರು. ನನ್ನನ್ನು ಕಳಿಸಿಕೊಡುವ ದಿನ ನಂಜುಂಡ ಚಪ್ಪರದ ಕಂಬಕ್ಕೊರಗಿ ನಿಂತಿದ್ದ. ಹತ್ತಿರ ಹೋಗಿ, "ಬರ್ತೀನಿ ನಂಜುಂಡ" ಎಂದೆ. ಅವನು ಥಟ್ಟನೆ ಮುಖ ಪಕ್ಕಕ್ಕೆ ತಿರುಗಿಸಿದ. "ಎಷ್ಟು ಪೊಗರು ನೋಡ್ರೀ" ಎಂದು ಹೆಂಗಸರು ಗೊಣಗಿದರು. ಅವನು ನನ್ನನ್ನು ನೋಡುತ್ತಿದ್ದಾನೆಂದು ನನಗೊಬ್ಬಳಿಗೇ ಗೊತ್ತಿತ್ತು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

ಗೌರಿ ಹಬ್ಬಕ್ಕೆ ತವರಿಗೆ ಬಂದಾಗ ಅವನಿರಲಿಲ್ಲ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೋದವನು ಮತ್ತೆ ಬರಲಿಲ್ಲವಂತೆ. ಹುಡುಕಿಸಿದ್ದರು; ಬೆಂಗಳೂರಿನಲ್ಲೂ ಸುಳಿವಿರಲಿಲ್ಲ. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಮಾವನನ್ನು ನೋಡಲು ಅಂಗಡಿಗೆ ಹೋದೆ.

"ನೀನು ಗಂಡನ ಮನೆಗೆ ಓದ ಮ್ಯಾಲೆ ಅವ್ನು ಪುಸ್ತಕಾನೇ ಮುಟ್ಲಿಲ್ಲ ಕಣಮ್ಮ. ನಾಚ್ಕೆಗೆ ಓಡೋದ" ಎಂದರು.

ನಂಜುಂಡ ಆ ಮನೆಯಲ್ಲಿಲ್ಲದ ಮೇಲೆ ನನ್ನ ಬಾಯಿಗೆ ಕಟ್ಟಿರಲಿಲ್ಲ. ಅಜ್ಜಿಗೆ ಕೇಳಿಸದ ಹಾಗೆ, ಗ್ರಹಣದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಾವ ಅಕ್ಕಿ ಅಳೆಯುವುದನ್ನು ನಿಲ್ಲಿಸಿದರು. ಗಿರಾಕಿ ಕಾದು ಕಾದು ಹೊರಟುಹೋದ. ಆಮೇಲೆ ಮಾವ ನನ್ನ ಕಡೆ ತಿರುಗಿ, ಮಗು ಕೇಳುವ ಹಾಗೆ ಕೇಳಿದರು:

"ಅಂಗಾದ್ರೆ ನನ್ನ ಮಗ ಕಳ್ಳ ಅಲ್ವೇನವ್ವಾ?"