ಹನ್ನೆರಡು ಅಡಿ, ಒಂಬತ್ತು ತಂತಿ

ಮನುಷ್ಯಕುಲ ಬಗೆಹರಿಸಬೇಕಾದ ದೊಡ್ಡ ಸಮಸ್ಯೆಗಳ ಪಟ್ಟಿ ಯಾರ ಬಳಿಯಾದರೂ ಇದ್ದರೆ ಅದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಹಳೆಯ ವಿಡಿಯೊ ಗೇಮಿನ ಕಂಟ್ರೋಲರ್ ವೈರು ಸೋಫಾದವರೆಗೆ ಬರುವುದಿಲ್ಲ. ಮೂವತ್ತು ವರ್ಷದ ಹಿಂದೆ ಟಿವಿ ಚಿಕ್ಕದಿತ್ತು, ಆಡುವವರೂ ಚಿಕ್ಕವರಿದ್ದರು. ಪರದೆಗೆ ಮೂಗು ತಾಗಿಸಿಕೊಂಡು ನೆಲದ ಮೇಲೆ ಕೂರುತ್ತಿದ್ದರು, ಆರಡಿ ವೈರು ಧಾರಾಳವಾಗಿತ್ತು. ಈಗ ಟಿವಿ ಗೋಡೆಯಗಲ ಬೆಳೆದಿದೆ, ಸೋಫಾ ಹಿಂದಕ್ಕೆ ಸರಿದಿದೆ, ಆಡುವವರ ಮಂಡಿ ನೆಲದ ಮಾತು ಕೇಳುವುದಿಲ್ಲ. ವೈರು ಮಾತ್ರ ಆರಡಿಯಲ್ಲೇ ನಿಂತಿದೆ. ಅದನ್ನು ಉದ್ದ ಮಾಡುವ ಎಕ್ಸ್‌ಟೆನ್ಷನ್ ಕೇಬಲ್ ಹುಡುಕಹೊರಟರೆ ಎರಡು ಬಗೆ ಸಿಗುತ್ತವೆ. ಹಳೆಯ ವಸ್ತು ಕೂಡಿಡುವ ಶ್ರೀಮಂತರಿಗೆಂದು ಮಾಡಿದ, ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕಾದವು. ಮತ್ತು ತಾಮ್ರ ಉಳಿಸಲು ಒಂದೆರಡು ತಂತಿಯನ್ನೇ ನುಂಗಿ ನೀರು ಕುಡಿದ ಅಗ್ಗದವು.

ಮೂರನೆಯ ಬಗೆ ಬೆಳಗಿನ ಐದೂವರೆಗೆ ಒಂದು ಅಡುಗೆಮನೆಯಲ್ಲಿ ತಯಾರಾಗುತ್ತದೆ.

ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಒಲೆಯ ಪಕ್ಕದ ಮಡಿಸುವ ಮೇಜಿನ ಮೇಲೆ ಸವೆದ ಟವೆಲು, ಅದರ ಮೇಲೆ ಸ್ಟ್ಯಾಂಡಿನಲ್ಲಿ ಬೆಸುಗೆ ಹಾಕುವ ಕಾದ ಕಡ್ಡಿ, ತವರದ ತಂತಿಯ ಸುರುಳಿ, ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು. ಐವತ್ತೆಂಟು ವರ್ಷದ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಕಪ್ಪು ಕೇಬಲಿನ ಹೊಟ್ಟೆಯೊಳಗಿಂದ ಬಣ್ಣಬಣ್ಣದ ಒಂಬತ್ತು ಎಳೆಗಳನ್ನು ಬಿಡಿಸುತ್ತಿದ್ದಾರೆ. ಬೀದಿಗೆಲ್ಲ ಅವರು ತಂತಿಯಕ್ಕ. ಹೊಗೆ ಕಿಟಕಿಯ ಕಡೆಗೆ ಹೋಗಲೆಂದು ಎಡಗೆನ್ನೆಯಿಂದ ಊದುತ್ತಾರೆ, ಬಲಗೆನ್ನೆ ಅಲುಗುವುದಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ.

"ಏಳು ಗಂಟೆಗೆ ಇದು ಅಡುಗೆಮನೆ ಆಗ್ಬೇಕು," ತಲೆ ಎತ್ತದೆ ಹೇಳುತ್ತಾರೆ. "ಅಲ್ಲೀವರೆಗೆ ನನ್ನ ಫ್ಯಾಕ್ಟರಿ. ಏಳಾದ ಮೇಲೆ ಒಂದು ಚೂರು ತಂತಿ ಉಳಿದಿದ್ರೂ ನಮ್ಮ ಡ್ರೈವರ್ ಅದನ್ನ ತಟ್ಟೇಲಿ ಹುಡುಕಿ ತೆಗೆದು, ಇದೇನು ಹೊಸ ತರಕಾರಿನಾ ಅಂತಾರೆ."

ಡ್ರೈವರ್ ಅಂದರೆ ಗಂಡ. ಮೂವತ್ತೊಂದು ವರ್ಷ ಬಸ್ ಓಡಿಸಿ, ಒಂದು ಸೈಕಲ್ಲಿಗೂ ತಾಗಿಸದೆ ನಿವೃತ್ತರಾದವರು. ಈ ಗೃಹೋದ್ಯಮದಲ್ಲಿ ಅವರದು ಪರೀಕ್ಷಾಧಿಕಾರಿಯ ಹುದ್ದೆ. ಆ ವಿಷಯಕ್ಕೆ ಆಮೇಲೆ ಬರಬೇಕಾಗುತ್ತದೆ.

ತಂತಿಯಕ್ಕ ಮೊದಲು ಟೆಲಿಫೋನ್ ಕಾರ್ಖಾನೆಯಲ್ಲಿದ್ದರು. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಬರೀ ಡಬ್ಬಿ ಬಂದರೆ ಇನ್ನೊಂದು ತುದಿಯಲ್ಲಿ ಫೋನಾಗಿ ಹೋಗುತ್ತಿತ್ತು. ನಡುವೆ ಹದಿನಾಲ್ಕು ಹೆಂಗಸರು, ಅಕ್ಕ ಒಂಬತ್ತನೆಯವರು. ಜನ ಫೋನನ್ನು ಜೇಬಿನಲ್ಲಿ ಇಟ್ಟುಕೊಳ್ಳಲು ಕಲಿತ ಮೇಲೆ ಕಾರ್ಖಾನೆ ಮುಚ್ಚಿತು. ಹದಿನಾಲ್ಕು ಜನಕ್ಕೂ ಒಂದೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. "ಕೆಲಸಾನೇ ಇಲ್ಲ ಅಂದ್ಮೇಲೆ ಟೈಮು ಯಾಕ್ ಬೇಕು ಅಂತ ಆವತ್ತು ಅನ್ನಿಸ್ತು," ಎನ್ನುತ್ತಾರೆ ಅಕ್ಕ. ಗಡಿಯಾರ ಈಗಲೂ ಒಲೆಯ ಮೇಲುಗಡೆ ಓಡುತ್ತಿದೆ. ಅವರಿಗೆ ಏಳು ಗಂಟೆಯಾಯಿತೆಂದು ಹೇಳುವುದು ಅದೇ.

ಕೆಲಸವಿಲ್ಲದ ನಾಲ್ಕು ವರ್ಷದಲ್ಲಿ ಮೂರು ಮನೆಯ ಪಾತ್ರೆ ತೊಳೆದರು, ಒಂದು ಅಂಗಡಿಯಲ್ಲಿ ಬಟ್ಟೆ ಮಡಚಿದರು. ಡ್ರೈವರ್ ನಿವೃತ್ತರಾದಾಗ ಅವರ ತಂಗಿಯ ಮಗ ತನ್ನ ಹಳೆಯ ವಿಡಿಯೊ ಗೇಮನ್ನು ಮಾವನಿಗೆ ತಂದುಕೊಟ್ಟ. ವೈರು ಸೋಫಾಕ್ಕೆ ಬರಲಿಲ್ಲ. ಡ್ರೈವರ್ ಸೋಫಾವನ್ನು ಮುಂದಕ್ಕೆ ಎಳೆದರು, ಬಾಗಿಲು ತೆರೆಯದಾಯಿತು. ಎರಡು ದಿನ ಪಕ್ಕಕ್ಕೆ ತಿರುಗಿ ಮನೆಯೊಳಗೆ ಬಂದ ಅಕ್ಕ, ಮೂರನೆಯ ದಿನ ಗುಜರಿಯವನ ಹತ್ತಿರ ಹೋಗಿ ಕೆಟ್ಟ ಪ್ರಿಂಟರಿನ ಕೇಬಲೊಂದನ್ನು ತಂದರು. ಸಂಜೆಗೆ ಸೋಫಾ ಸ್ವಸ್ಥಾನಕ್ಕೆ ಮರಳಿತು. ಆ ತಂಗಿಯ ಮಗನ ಗೆಳೆಯರು ಕೇಳಿದರು, ಗೆಳೆಯರ ಗೆಳೆಯರು ಕೇಳಿದರು. ವ್ಯಾಪಾರ ಶುರುವಾದದ್ದು ಹೀಗೆ, ಬಾಗಿಲು ತೆರೆಯಲೆಂದು.

ದಿನಕ್ಕೆ ಮೂರು ಕೇಬಲು. ಒಂದೊಂದು ಹನ್ನೆರಡು ಅಡಿ, ಒಳಗೆ ಒಂಬತ್ತು ತಂತಿ: ಏಳು ಬಟನ್‌ಗಳಿಗೆ ಏಳು, ವಿದ್ಯುತ್ತು ಹೋಗಲು ಒಂದು, ಮರಳಿ ಬರಲು ಒಂದು. ಎರಡು ತುದಿಗೂ ಬೆಸುಗೆ, ಅಂದರೆ ಬೆಳಗ್ಗೆ ಏಳರೊಳಗೆ ಐವತ್ತನಾಲ್ಕು ಬೆಸುಗೆ. ಕೇಬಲಿನ ಬೆಲೆ ಒಂದು ಜೊತೆ ಸಾಧಾರಣ ಚಪ್ಪಲಿಗಿಂತ ಕಡಿಮೆ. "ಜಾಸ್ತಿ ಇಡು ಅಂತಾರೆ ಎಲ್ಲರೂ. ಆಟ ಆಡೋಕೆ ತಾನೇ, ಅದಕ್ಕೂ ಜನ ಯೋಚನೆ ಮಾಡೋ ಹಾಗೆ ಆಗ್ಬಾರ್ದು," ಎನ್ನುತ್ತಾರೆ.

ಊರೊಳಗೆ ಮಾರಿದ ಪ್ರತಿ ಕೇಬಲನ್ನೂ ಹದಿನೈದು ದಿನದ ನಂತರ ಒಮ್ಮೆ ಹೋಗಿ ನೋಡಿಬರುವುದು ಅಕ್ಕನ ರೂಢಿ. ಯಾರೂ ಕರೆದಿರುವುದಿಲ್ಲ. ಮದುವೆ ಮಾಡಿಕೊಟ್ಟ ಮಗಳನ್ನು ನೋಡಲು ಹೋದ ತಾಯಿಯ ಹಾಗೆ ಐದು ನಿಮಿಷ ಕೂತು, ಮೂಲೆಯಲ್ಲಿ ಮಡಚಿಕೊಂಡಿದೆಯೇ, ಯಾರಾದರೂ ತುಳಿಯುತ್ತಿದ್ದಾರೆಯೇ ಎಂದು ಕಣ್ಣಲ್ಲೇ ವಿಚಾರಿಸಿ, ನೀರು ಕುಡಿದು ಎದ್ದುಬರುತ್ತಾರೆ. ಈ ಬರಹಕ್ಕೆ ಕಾರಣವಾದ ಸಂಗತಿ ನಡೆದದ್ದು ಅಂಥದೊಂದು ಭೇಟಿಯಲ್ಲಿ, ಪಾರ್ಶ್ವವಾಯು ಬಡಿದವರಿಗೆ ವ್ಯಾಯಾಮ ಮಾಡಿಸುವ ಒಂದು ಕೇಂದ್ರದಲ್ಲಿ.

ಅಲ್ಲಿಯ ಫಿಸಿಯೊ ಮೇಡಂ ಬೆರಳುಗಳ ಚಲನೆಗೆಂದು ಹಳೆಯ ವಿಡಿಯೊ ಗೇಮು ಇಟ್ಟುಕೊಂಡಿದ್ದಾರೆ. ಕೋಣೆಯ ನಡುವೆ ಒಂದು ಮೆಟ್ಟಿಲಿದೆ. ನಡೆಯಬಲ್ಲವರು ಅದನ್ನಿಳಿದು ಟಿವಿಯ ಮುಂದೆ ಕೂತು ಆಡುತ್ತಾರೆ. ಗಾಲಿಕುರ್ಚಿಯಲ್ಲಿರುವವರು ಒಬ್ಬರೇ, ಮೆಟ್ಟಿಲಿನ ಮೇಲ್ಗಡೆಯೇ ಉಳಿಯಬೇಕು. ಎಲ್ಲರ ಬಾಯಲ್ಲಿ ಅವರು ಕತ್ತರಿ ಮಾಮ. ನಲವತ್ತು ವರ್ಷ ಕ್ಷೌರದಂಗಡಿ ನಡೆಸಿದವರು. ಕೇಬಲು ಅವರೊಬ್ಬರಿಗಾಗಿ ತರಿಸಿದ್ದು.

ಆಟದಲ್ಲೊಂದು ಕಪ್ಪೆ. ಮೊದಲನೇ ಬಟನ್ ಒತ್ತಿದರೆ ಜಿಗಿಯುತ್ತದೆ, ಎರಡನೆಯದಕ್ಕೆ ನಾಲಿಗೆ ಚಾಚಿ ನೊಣ ಹಿಡಿಯುತ್ತದೆ. ಎರಡನೆಯ ಬಟನ್ ಒಳಗಡೆಗಿದೆ. ಅದನ್ನು ಒತ್ತಲು ಹೆಬ್ಬೆರಳು ಗೆಣ್ಣಿನಲ್ಲಿ ಬಗ್ಗಬೇಕು, ಕತ್ತರಿ ಹಿಡಿಯಲು ಬಗ್ಗುವ ಹಾಗೆಯೇ. ಕೇಬಲು ಬಂದ ದಿನ ಮೇಡಂ ತಾವೇ ಕಪ್ಪೆಯನ್ನು ಒಮ್ಮೆ ಜಿಗಿಸಿ ನೋಡಿ, ಸರಿಯಿದೆ ಎಂದರು. ಆಮೇಲಿನ ಹನ್ನೊಂದು ಅಭ್ಯಾಸದಲ್ಲಿ ಮಾಮನ ಕಪ್ಪೆ ಚೆನ್ನಾಗಿ ಜಿಗಿಯಿತು, ನೊಣ ಮಾತ್ರ ಒಂದನ್ನೂ ಹಿಡಿಯಲಿಲ್ಲ. ಗೋಡೆಯ ಮೇಲಿನ ಹಾಳೆಯಲ್ಲಿ ಹನ್ನೊಂದು ಸಲ "ಬಲ ಹೆಬ್ಬೆರಳು: ಬಾಗುತ್ತಿಲ್ಲ" ಎಂದು ದಾಖಲಾಯಿತು. ಮುಂದಿನ ಸೋಮವಾರದಿಂದ ಬಲಗೈ ಬಿಟ್ಟು ಎಡಗೈಗೆ ತರಬೇತಿ ಕೊಡುವುದೆಂದು ಮೇಡಂ ತೀರ್ಮಾನಿಸಿದರು. ಮಾಮ ತಮ್ಮನಿಗೆ ಹೇಳಿಕಳಿಸಿದರು: ಅಂಗಡಿಯಲ್ಲಿ ನನ್ನ ಕುರ್ಚಿಗೆ ಬೇರೆಯವರನ್ನು ನೋಡು.

ತಂತಿಯಕ್ಕ ಹೋದದ್ದು ಆ ಸೋಮವಾರದ ಹಿಂದಿನ ಶನಿವಾರ.

"ಕೇಬಲ್ ಚೆನ್ನಾಗಿದೆ ತಾಯಿ," ಎಂದರು ಮಾಮ. "ಕೈಯೇ ಚೆನ್ನಾಗಿಲ್ಲ."

"ಎಡಗೈಲಿ ಕಲೀಬಹುದಲ್ಲ ಮಾಮ?"

"ಹಲ್ಲುಜ್ಜೋದು ಕಲೀಬಹುದು. ಕತ್ತರಿ ಕಲಿಯೋಕೆ ಯಾರ ಕಿವಿ ಬಾಡಿಗೆಗೆ ತರ್ಲಿ?"

ಮಾತಾಡುತ್ತಲೇ ಮಾಮ ಒತ್ತಿ ತೋರಿಸಿದರು. ಕಪ್ಪೆ ಸುಮ್ಮನಿತ್ತು. ಎಲ್ಲರೂ ಕಪ್ಪೆಯನ್ನು ನೋಡುತ್ತಿದ್ದರೆ ಅಕ್ಕ ಬೆರಳನ್ನು ನೋಡುತ್ತಿದ್ದರು. ಸಾಲುಮೇಜಿನಲ್ಲಿ ಇಪ್ಪತ್ತೆರಡು ವರ್ಷ ಪಕ್ಕದವರ ಬೆರಳು ನೋಡಿಯೇ ಕೆಲಸ ಸರಿಯಾಯಿತೋ ಇಲ್ಲವೋ ತಿಳಿದವರು. ಮಾಮನ ಹೆಬ್ಬೆರಳಿನ ಉಗುರು ಬೆಳ್ಳಗಾಯಿತು, ಬಿಟ್ಟಾಗ ಕೆಂಪಾಯಿತು.

"ಇನ್ನೊಂದ್ಸಲ ಒತ್ತಿ."

ಮತ್ತೆ ಬೆಳ್ಳಗಾಯಿತು.

"ಮೇಡಂ, ಒತ್ತದೆ ಇದ್ರೆ ಉಗುರು ಯಾಕೆ ಬಿಳಿ ಆಗತ್ತೆ?"

ಮೇಡಂ ಬಗ್ಗಿ ನೋಡಿದರು. ಇಬ್ಬರು ಸಹಾಯಕರು ಗಾಲಿಕುರ್ಚಿಯನ್ನು ಮಾಮನ ಸಮೇತ ಎತ್ತಿ ಮೆಟ್ಟಿಲು ಇಳಿಸಿದರು. ಅಕ್ಕ ತಮ್ಮ ಕೇಬಲನ್ನು ಕಿತ್ತು, ಕಂಟ್ರೋಲರನ್ನು ನೇರವಾಗಿ ಸಿಕ್ಕಿಸಿದರು. ಮಾಮ ಒತ್ತಿದರು. ಹನ್ನೊಂದು ದಿನ ಉಪವಾಸವಿದ್ದ ಕಪ್ಪೆ ನಾಲಿಗೆ ಚಾಚಿ ನೊಣ ನುಂಗಿತು.

ಮಾಮ ಮತ್ತೂ ಮೂರು ನೊಣ ತಿನ್ನಿಸಿದರು, ನಂಬಿಕೆ ಬರುವವರೆಗೆ.

"ಒತ್ತಿದ್ದೀನಿ ಅಂತ ಅನ್ನಿಸ್ತಿತ್ತು," ಎಂದರು. "ಆದರೆ ಬೆರಳು ಅರ್ಧ ಜೋಮು. ಟಿವಿ ಇಲ್ಲ ಅಂತಿತ್ತು, ನಾನು ಹೌದು ಅಂದ್ರೆ ಯಾರು ನಂಬ್ತಾರೆ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಗತ್ತೆ ಅಂತ ಸುಮ್ನಿದ್ದೆ."

"ಇಲ್ಲಿ ನೆಲಾನೇ ಡೊಂಕಾಗಿತ್ತು ಮಾಮ. ಡೊಂಕು ಮಾಡಿದವಳು ನಾನು," ಎಂದರು ಅಕ್ಕ. ಮೇಡಂ ಗೋಡೆಯ ಹತ್ತಿರ ಹೋಗಿ ಹನ್ನೊಂದು ಸಾಲಿನ ಮೇಲೂ ಒಂದೇ ಉದ್ದ ಗೆರೆ ಎಳೆದರು.

ಕೇಬಲನ್ನು ಚೀಲಕ್ಕೆ ಹಾಕಿಕೊಂಡು ಬಂದ ಅಕ್ಕ ಆವತ್ತು ಮಧ್ಯಾಹ್ನವೇ ಮೇಜು ಹಾಕಿದರು. ಅಡುಗೆಮನೆಯ ಕಾನೂನು ಮೊದಲ ಸಲ ಮುರಿಯಿತು. ಪ್ಲಗ್ಗು ಬಿಚ್ಚಿದರೆ ಎರಡನೇ ಬಟನ್‌ನ ಕಂದು ಬಣ್ಣದ ತಂತಿ ಬೆಸುಗೆಯನ್ನು ಬರೀ ಮುಟ್ಟಿಕೊಂಡು ನಿಂತಿತ್ತು, ನೆಂಟರ ಮನೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತವರ ಹಾಗೆ. ಬೆಸುಗೆ ಹಿಡಿಯದಿರುವುದು ಯಾರ ಕೈಯಲ್ಲೂ ಆಗಬಹುದು. ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳದಿದ್ದದ್ದು ಹೇಗೆ ಎಂಬುದು ಪ್ರಶ್ನೆ. ಪರೀಕ್ಷೆಗೊಂದು ಮೀಟರಿದೆ, ತಂತಿ ಎರಡು ತುದಿಗೂ ಕೂಡಿದ್ದರೆ ಕೀಂ ಎನ್ನುತ್ತದೆ. ಆದರೆ ಎರಡು ವರ್ಷದಿಂದ ಅದು ಕಪಾಟಿನಲ್ಲಿತ್ತು, ಏಕೆಂದರೆ ಡ್ರೈವರ್ ಸೋಫಾದಲ್ಲಿದ್ದರು. ಪ್ರತಿ ಹೊಸ ಕೇಬಲಿನಲ್ಲೂ ಅವರು ಕಾರು ರೇಸಿನ ಒಂದು ಆಟ ಆಡಿ ಪಾಸು ಮಾಡುತ್ತಿದ್ದರು. ಶುರುಮಾಡಲು ಸ್ಟಾರ್ಟ್, ಆಮೇಲೆ ಎಡ, ಬಲ, ಗೇರಿಗೆ ಮೇಲೆ ಕೆಳಗೆ; ಮೊದಲನೇ ಬಟನ್ ವೇಗಕ್ಕೆ, ಎರಡನೆಯದು ಬ್ರೇಕಿಗೆ.

"ರೀ, ಬ್ರೇಕ್ ಹಾಕಿ ನೋಡಿದ್ರಾ?"

"ಯಾವ ಬ್ರೇಕು?"

"ಆಟದಲ್ಲಿ. ಯಾವತ್ತಾದ್ರೂ ಹಾಕಿದ್ದೀರಾ?"

ಡ್ರೈವರ್ ಕಂಟ್ರೋಲರನ್ನು ತಿರುಗಿಸಿ ಎರಡನೆಯ ಬಟನ್ ಹುಡುಕಿದರು. "ಮೂವತ್ತೊಂದು ವರ್ಷ ಹಾಕಿದ್ದೀನಲ್ಲೇ," ಎಂದರು ಕೊನೆಗೆ. "ಮನೇಲೂ ಹಾಕ್ಬೇಕಾ?"

ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಜೀವಮಾನವಿಡೀ ತಿರುವು ಕಂಡಾಗಲೆಲ್ಲ ಕಾಲು ಒತ್ತಿದ ಮನುಷ್ಯ ನಿವೃತ್ತಿಯ ನಂತರ ಒಮ್ಮೆಯೂ ಬ್ರೇಕು ಹಾಕಿರಲಿಲ್ಲ. ಗೋಡೆಗೆ ಗುದ್ದಿದರೆ ಗುದ್ದಲಿ ಎಂದು ಬಿಡುತ್ತಿದ್ದರು. ಎರಡು ವರ್ಷ ಆ ಮನೆಯಿಂದ ಹೊರಟ ಯಾವ ಕೇಬಲಿನ ಬ್ರೇಕಿನ ತಂತಿಯನ್ನೂ ಯಾರೂ ಪರೀಕ್ಷಿಸಿರಲಿಲ್ಲ.

ಅಕ್ಕ ಮೀಟರಿಗೆ ಹೊಸ ಸೆಲ್ಲು ಹಾಕಿದರು. ಅದೇ ಸಂಜೆ ಕೇಬಲನ್ನು ಸರಿಮಾಡಿ ಕೇಂದ್ರಕ್ಕೆ ತಲುಪಿಸಿದರು. ಮರುದಿನದಿಂದ ಡ್ರೈವರಿಗೆ ಶಿಕ್ಷೆ ಜಾರಿಯಾಯಿತು: ಕೊಂಡವರೆಲ್ಲರಿಗೂ ಫೋನ್ ಮಾಡಿ, ಎರಡನೇ ಬಟನ್ ಒತ್ತಿ ನೋಡಿ ಎಂದು ಹೇಳುವುದು. ಆರು ವಾರ ಹಿಡಿಯಿತು. ಎಲ್ಲ ಸರಿಯಾಗಿದ್ದವು, ಒಂದನ್ನು ಬಿಟ್ಟು. ಅದನ್ನು ಕೊಂಡ ಬ್ಯಾಂಕ್ ಗುಮಾಸ್ತರು ಹೇಳಿದರು: "ಅದು ಕೆಲಸ ಮಾಡಲ್ಲ ಅಂತ ನನಗೆ ಮೊದಲೇ ಗೊತ್ತು ಸಾರ್. ಭಾವಮೈದ ಬಂದಾಗ ಅದನ್ನೇ ಕೊಡ್ತೀನಿ. ದಯವಿಟ್ಟು ರಿಪೇರಿ ಬೇಡ." ಅಕ್ಕ ಬಿಡಲಿಲ್ಲ. ಹೋಗಿ ರಿಪೇರಿ ಮಾಡಿ ಬಂದರು. ಆ ಮನೆಯಲ್ಲಿ ಮಾತ್ರ ಅವರಿಗೆ ಕುಡಿಯಲು ನೀರು ಕೊಡಲಿಲ್ಲ.

ಈಗ ಪ್ರತಿ ಕೇಬಲಿಗೂ ಎರಡು ಪರೀಕ್ಷೆ. ಮೊದಲು ಮೀಟರು, ಒಂಬತ್ತು ಸಲ ಕೀಂ ಅನ್ನಬೇಕು. ಆಮೇಲೆ ಡ್ರೈವರ್. ಅವರು ಪ್ರತಿ ತಿರುವಿನಲ್ಲೂ ಬ್ರೇಕು ಹಾಕುತ್ತಾರೆ, ಹಾಕಿದಾಗಲೆಲ್ಲ ಅಡುಗೆಮನೆಗೆ ಕೇಳುವಂತೆ "ಹಾಕಿದೆ" ಎನ್ನುತ್ತಾರೆ. ರೇಸಿನಲ್ಲಿ ಕೊನೆಯವರಾಗಿ ಬರುತ್ತಾರೆ.

ನಿಮಗೇನಾದರೂ ಬೇಕಿದೆಯೇ ಎಂದು ಕೇಳಿದರೆ ತಂತಿಯಕ್ಕ ಕಡ್ಡಿಯನ್ನು ಒದ್ದೆ ಸ್ಪಂಜಿಗೆ ಒರೆಸುತ್ತ ಯೋಚಿಸುತ್ತಾರೆ. "ಒಂದು ಮೇಜು. ಏಳು ಗಂಟೆಗೆ ಎತ್ತದೇ ಇರೋ ಮೇಜು," ಎನ್ನುತ್ತಾರೆ. ಕಡ್ಡಿಯನ್ನು ಪಕ್ಕಕ್ಕಿಟ್ಟು, "ಅದು ಇಲ್ದಿದ್ರೂ ನಡೆಯತ್ತೆ. ಮಾಮನ ಹಾಳೆ ಮೇಲೆ ಗೆರೆ ಬಿತ್ತಲ್ಲ, ಸಾಕು. ಇನ್ನೊಬ್ಬರ ಬೆರಳಿನ ಮೇಲೆ ನನ್ನ ತಪ್ಪು ಬರೆದಿತ್ತು." ಒಲೆಯ ಮೇಲಿನ ಗಡಿಯಾರ ಏಳಕ್ಕೆ ಐದು ನಿಮಿಷ ತೋರಿಸುತ್ತಿದೆ. ಟವೆಲು ಮಡಚಿಕೊಳ್ಳುತ್ತದೆ.

ಕತ್ತರಿ ಮಾಮನ ಬಲಗೈ ತರಬೇತಿ ನಿಲ್ಲಲಿಲ್ಲ. ಏಳು ವಾರದ ನಂತರ ಒಂದು ಮಂಗಳವಾರ ಅವರು ಅಂಗಡಿಗೆ ಹೋದರು. ಅವರ ತಮ್ಮ ಆ ಕುರ್ಚಿಗೆ ಯಾರನ್ನೂ ನೋಡಿರಲಿಲ್ಲ. ಮೊದಲ ತಲೆ ಕೊಡಲು ಯಾರೂ ಮುಂದೆ ಬರದಿದ್ದಾಗ, ಫೋನ್ ಶಿಕ್ಷೆಯ ಜೊತೆಗೆ ಇದೂ ಇರಲಿ ಎಂದು ತಂತಿಯಕ್ಕ ತಮ್ಮ ಡ್ರೈವರನ್ನು ಕರೆದುಕೊಂಡು ಹೋಗಿ ಕೂರಿಸಿದರು. ಎತ್ತರ ಸರಿಹೋಗಲೆಂದು ಮಾಮ ಗಾಲಿಕುರ್ಚಿಯಲ್ಲಿ, ಗಿರಾಕಿ ಮೋಟು ಸ್ಟೂಲಿನ ಮೇಲೆ.

"ಅಲುಗಾಡಬೇಡಿ," ಎಂದರು ಮಾಮ.

"ಬ್ರೇಕ್ ಹಾಕಿದ್ದೀನಿ," ಎಂದರು ಡ್ರೈವರ್.

ಕಟಿಂಗ್ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಬಲಗಿವಿಯ ಮೇಲೆ ಕೂದಲು ಸ್ವಲ್ಪ ಹೆಚ್ಚು ಉಳಿದಿದೆ.