ಅಮ್ಮನ ನೀಲಿ ಮಣಿಸರಗಳು

ತಂಗಿಯ ಮದುವೆಯ ದಿನ ಅಮ್ಮನ ಮಣಿಸರಗಳನ್ನು ನಾನು ಅವಳ ಕೊರಳಿಗೆ ಹಾಕಲಿಲ್ಲ. ಮನೆಯಲ್ಲಿ ಮರೆತು ಬಂದೆ ಎಂದೆ. ಮರೆತಿರಲಿಲ್ಲ. ಅವು ನನ್ನ ಕಾಲ ಬುಡದಲ್ಲೇ, ಚೀಲದೊಳಗೆ, ತೆಂಗಿನಕಾಯಿ ಮತ್ತು ಟವೆಲ್ಲಿನ ಕೆಳಗೆ ಇದ್ದವು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ತಲೆ ಎತ್ತಿ ಹೇಳಬಹುದು.

ಈಗಲೂ ಎಲ್ಲಾದರೂ ಸೌದೆ ಹೊಗೆಯ ವಾಸನೆ ಬಂದರೆ ನನಗೆ ಒಂದು ತಗಡಿನ ಬಿಸ್ಕತ್ ಡಬ್ಬಿ ನೆನಪಾಗುತ್ತದೆ. ಸಿಂಗಾಪುರದ ಹೌಗಾಂಗಿನಲ್ಲಿ ಒಂಬತ್ತನೇ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ಒಲೆ ಗ್ಯಾಸಿನದು, ಕಿಟಕಿಯಾಚೆ ಬಸ್ಸುಗಳ ಸದ್ದು. ಆದರೆ ಅಮ್ಮ ಆ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಮನೆ ತುಂಬಾ ಅವಳೂರಿನ ಒಲೆಯ ಹೊಗೆ ಹರಡುತ್ತಿತ್ತು. ಅಮ್ಮ ಆದಿ ಎಂಬ ಬುಡಕಟ್ಟಿನವಳು, ಅರುಣಾಚಲದಲ್ಲಿ ಪಾಸಿಘಾಟ್ ಹತ್ತಿರದ ಹಳ್ಳಿಯವಳು. ಮಳವಳ್ಳಿಯ ಅಪ್ಪ ಅಲ್ಲಿ ರಸ್ತೆ ಮಾಡುವ ಕೆಲಸಕ್ಕೆ ಹೋಗಿದ್ದಾಗ ಅವಳನ್ನು ಮದುವೆಯಾದರು. ಮುಂದೆ ಅಪ್ಪನಿಗೆ ಸಿಂಗಾಪುರದ ಹಡಗುಕಟ್ಟೆಯಲ್ಲಿ ಕ್ರೇನುಗಳ ಉಸ್ತುವಾರಿ ಸಿಕ್ಕಿ, ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನಾವೆಲ್ಲ ಇಲ್ಲಿಗೆ ಬಂದೆವು. ನನಗೆ ಆಗ ಹದಿನೈದು, ತಂಗಿ ಓಯಿನ್‌ಗೆ ಹದಿಮೂರು. ಮಳವಳ್ಳಿಯ ಅಜ್ಜಿ ಮನೆಯಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದ್ದ ನನಗೆ ಇಲ್ಲಿನ ಇಂಗ್ಲಿಷ್ ಹತ್ತಲಿಲ್ಲ. ಓಯಿನ್ ಸ್ಕೂಲಿಗೆ ಹೋಗಿ ಇಲ್ಲಿನವರ ಹಾಗೆ ಮಾತಿಗೊಂದು ‘ಲಾ’ ಸೇರಿಸುವುದನ್ನೂ ಕಲಿತಳು, ನಾನು ನಮ್ಮ ಬ್ಲಾಕಿನ ಕೆಳಗಿದ್ದ ಟೈಲರ್ ಅಂಗಡಿಯಲ್ಲಿ ಪ್ಯಾಂಟುಗಳ ಉದ್ದ ಕಡಿಮೆ ಮಾಡುವ ಕೆಲಸಕ್ಕೆ ಕೂತೆ.

ಡಬ್ಬಿಯಲ್ಲಿ ಇದ್ದದ್ದು ತಾಡೋಕ್, ಅಂದರೆ ಅವರ ಹೆಂಗಸರು ಹಾಕುವ ಮಣಿಸರಗಳು. ಕಡು ನೀಲಿ ಗಾಜಿನ ಮಣಿಗಳು, ಒಂದೊಂದೂ ಹುಣಸೆ ಬೀಜದಷ್ಟು ದಪ್ಪ, ಎಲ್ಲ ಎಳೆಗಳನ್ನೂ ಹಾಕಿಕೊಂಡರೆ ಹೊಟ್ಟೆಯವರೆಗೆ ಇಳಿಯುತ್ತಿದ್ದವು. ಭಾನುವಾರ ಬೆಳಿಗ್ಗೆ ಅಮ್ಮ ಚಾಪೆ ಹಾಸಿ ಅವನ್ನು ಹರಡಿಕೊಂಡು, ಒದ್ದೆ ಬಟ್ಟೆಯಲ್ಲಿ ಮಣಿಗಳನ್ನಷ್ಟೇ ಒರೆಸುತ್ತಿದ್ದಳು. ದಾರಕ್ಕೆ ನೀರು ತಾಗಿಸುತ್ತಿರಲಿಲ್ಲ, ಹೊಗೆ ಇದ್ದದ್ದು ದಾರದಲ್ಲಿ. "ಇದು ನಂದು ಅಮ್ಮ. ಇದು ಅವಳದು ಅಮ್ಮ. ಇದು ಅವಳಿಗೂ ಅಮ್ಮ," ಎಂದು ತನ್ನ ಮುರುಕು ಕನ್ನಡದಲ್ಲಿ ಎಳೆ ಎಳೆಯಾಗಿ ತೋರಿಸುವಳು. ಅವರ ಕಡೆ ಮನೆ, ಹೊಲ ಗಂಡುಮಕ್ಕಳಿಗೆ, ಮಣಿ ಹೆಣ್ಣುಮಕ್ಕಳಿಗೆ. ನಾವಿಬ್ಬರೂ ಸರತಿಯಲ್ಲಿ ಎಲ್ಲವನ್ನೂ ಹಾಕಿಕೊಂಡು, ಭಾರಕ್ಕೆ ಕತ್ತು ಬಗ್ಗಿಸಿಕೊಂಡು ಕಾರಿಡಾರಿನಲ್ಲಿ ಓಡಾಡುತ್ತಿದ್ದೆವು. ನೋಯುತ್ತೆ ಎಂದರೆ ಅಮ್ಮ ನಗುತ್ತಿದ್ದಳು. "ಭಾರ ಇರಬೇಕು. ಹಗುರ ಇದ್ರೆ, ಹಿಂದೆ ಯಾರೂ ಇಲ್ಲ ಅಂತ."

ಅವಳು ಯಾರಿಗೂ ಹೆದರಿದವಳಲ್ಲ. ಒಂದು ಯುಗಾದಿಗೆ ಕನ್ನಡದವರೆಲ್ಲ ಒಂದು ಕಡೆ ಊಟಕ್ಕೆ ಸೇರಿದ್ದೆವು. ರೇಷ್ಮೆ ಸೀರೆ, ಚಿನ್ನದ ನಡುವೆ ಅಮ್ಮ ಅವಳೂರಿನ ಕೆಂಪು ಗಾಲೆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು, ತಾಡೋಕ್ ಹಾಕಿಕೊಂಡು ಬಂದು ಎಲೆ ಮುಂದೆ ಕೂತಳು. ಪಕ್ಕದ ವತ್ಸಲಾ ಆಂಟಿ, "ಇದೇನ್ರೀ, ಸೆರಂಗೂನ್ ರೋಡ್ ಬಜಾರಲ್ಲಿ ತಗೊಂಡ್ರಾ? ಕೇಜಿ ಲೆಕ್ಕದಲ್ಲಿ ಕೊಟ್ರಾ?" ಎಂದು ಕೇಳಿದರು. ಸುತ್ತಲಿನವರು ನಕ್ಕರು. ಅಮ್ಮ ಎಲ್ಲ ಎಳೆಗಳನ್ನೂ ತೆಗೆದು ಆಂಟಿಯ ಕೊರಳಿಗೆ ಹಾಕಿಬಿಟ್ಟಳು. ಆಂಟಿಯ ಮುಖ ಪಾಯಸದ ದೊನ್ನೆಯವರೆಗೆ ಬಗ್ಗಿತು. "ನಿಂದು ಕತ್ತು ಚಿನ್ನದ್ದು ಅಲ್ವಾ," ಎಂದಳು ಅಮ್ಮ, "ಪಾಪ, ಅಭ್ಯಾಸ ಇಲ್ಲ." ಆ ಸಲ ನಗು ಬೇರೆ ಥರ ಬಂತು. ಓಯಿನ್ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ನಗಲಿಲ್ಲ, ತಲೆ ತಗ್ಗಿಸಿ ಕೋಸಂಬರಿ ತಿಂದೆ. ನನ್ನ ಹೇಡಿತನ ಹುಟ್ಟಿದ್ದು ಮದುವೆ ಮನೆಯಲ್ಲಲ್ಲ, ಆ ಎಲೆಯ ಮುಂದೆ.

ಓಯಿನ್ ಮದುವೆ ನೋಡುವವರೆಗೆ ಅಮ್ಮ ಬದುಕಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಡಬ್ಬಿಯನ್ನು ನನ್ನ ಮಡಿಲಲ್ಲಿ ಇಟ್ಟಳು. "ಹುಡುಗಿ ಮದುವೆಗೆ ಅಮ್ಮ ಹಾಕಬೇಕು. ಅಮ್ಮ ಇಲ್ಲ ಅಂದ್ರೆ, ಅಕ್ಕ." ನಾನು ಹೂಂ ಎಂದೆ. ಓಯಿನ್ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು.

ಓಯಿನ್ ಓದಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ, ಜೊತೆಗಿದ್ದ ಮೈಸೂರಿನ ಹುಡುಗನನ್ನು ಒಪ್ಪಿದಳು. ಹುಡುಗ ಒಳ್ಳೆಯವನು. ಅವನ ತಾಯಿ ಮೈಸೂರಿನಿಂದ ಬಂದು, ಮದುವೆಗೆ ವಾರವಿದ್ದಾಗ ನಮ್ಮ ಮನೆಗೆ ಕಾಫಿಗೆ ಬಂದರು. ಮೇಜಿನ ಮೇಲೆ ಒರೆಸಿಟ್ಟಿದ್ದ ಮಣಿಗಳನ್ನು ಬೆರಳ ತುದಿಯಿಂದ ಸರಿಸಿ, "ಎಲ್ಲಾ ಚೆನ್ನಾಗಿದೆ ಕಣಮ್ಮ. ಈ ಮಣಿ ಗಿಣಿ ಮಾತ್ರ ಬೇಡ. ವಿಡಿಯೋ ಊರಲ್ಲಿ ಎಲ್ರೂ ನೋಡ್ತಾರೆ," ಎಂದರು. ಓದಿದವರ ಮುಂದೆ ನನ್ನ ತಲೆ ತಾನಾಗಿಯೇ ಹೂಂ ಎಂದು ಅಲ್ಲಾಡುತ್ತಿತ್ತು. ಅವತ್ತೂ ಅಲ್ಲಾಡಿತು.

ಆದರೂ ಮದುವೆ ದಿನ ಮಣಿಸರಗಳನ್ನು ಡಬ್ಬಿಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ದೇವಸ್ಥಾನದ ಪಕ್ಕದ ಕೋಣೆಯಲ್ಲಿ ಓಯಿನ್ ಮತ್ತು ನಾನು ಇಬ್ಬರೇ. ಜಡೆ ಮುಗಿಸಿದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಕ್ಕ, ತಂದ್ಯಾ?" ಎಂದಳು.

"ಅಯ್ಯೋ, ಮರೆತೇಬಿಟ್ಟೆ ಕಣೆ."

"ಟ್ಯಾಕ್ಸಿಲಿ ಹೋಗಿ ತರಬಹುದು ಲಾ. ಇನ್ನೂ ಟೈಮ್ ಇದೆ."

"ಮುಹೂರ್ತ ತಪ್ಪಿದ್ರೆ?"

ಅವಳು ಕನ್ನಡಿಯಿಂದ ಕಣ್ಣು ತೆಗೆದು ನೆಲ ನೋಡಿದಳು. ನಾನು ಚೀಲವನ್ನು ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳಿದೆ. ಊಟದ ಪಂಕ್ತಿಯಲ್ಲಿ, ಮೈ ತುಂಬ ಚಿನ್ನ ಇಟ್ಟುಕೊಂಡು ಕೂತಿದ್ದವಳು ನನ್ನನ್ನು ಹತ್ತಿರ ಕರೆದು ಒಂದೇ ಮಾತು ಹೇಳಿದಳು. "ಕತ್ತು ತುಂಬಾ ಹಗುರ ಇದೆ, ಅಕ್ಕ."

ಆಮೇಲೆ ಅಪ್ಪ ಮಳವಳ್ಳಿಗೆ ಹೋದರು, ಹೌಗಾಂಗಿನ ಮನೆ ಬೇರೆಯವರದಾಯಿತು. ನಾನು ಅದೇ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಡಬ್ಬಿಯನ್ನು ಮಂಚದ ಕೆಳಗೆ ಇಟ್ಟೆ. ಮುಚ್ಚಳ ತೆಗೆಯುವ ಧೈರ್ಯ ಬರಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಂದು ಡಬ್ಬಿ ಇದ್ದರೆ, ಅದರ ಮೇಲೆ ಮಲಗುವುದು ಏನೆಂದು ನಿಮಗೆ ಗೊತ್ತು.

ಒಂದೂವರೆ ವರ್ಷದ ಮೇಲೆ ಓಯಿನ್‌ಗೆ ಹೆಣ್ಣುಮಗು ಹುಟ್ಟಿತು. ನಾಮಕರಣದ ಬೆಳಿಗ್ಗೆ ಡಬ್ಬಿ ತೆಗೆದೆ. ವಾಸನೆ ಹಾಗೇ ಇತ್ತು. ಚೀಲಕ್ಕೆ ಹಾಕಲಿಲ್ಲ. ಎಲ್ಲ ಎಳೆಗಳನ್ನೂ ನನ್ನ ಕೊರಳಿಗೇ ಹಾಕಿಕೊಂಡು ಸೆರಂಗೂನಿನ ಬಸ್ಸು ಹತ್ತಿದೆ. ಎಲ್ಲರೂ ನೋಡಿದರು. ನೋಡಲಿ. ಡ್ರೈವರ್ ಅಂಕಲ್ ಇಲ್ಲಿನವರ ಇಂಗ್ಲಿಷಿನಲ್ಲಿ ಕೇಳಿದರು, "ವಾ, ಸೋ ಹೆವಿ ಆ?"

"ಹೆವಿ ಲಾ, ಅಂಕಲ್," ಎಂದೆ. ಇಳಿಯುವವರೆಗೂ ಕತ್ತು ಬಗ್ಗಿಸಲಿಲ್ಲ.

ಓಯಿನ್ ಮನೆ ತುಂಬಾ ಜನ, ಹೆಚ್ಚಿನವರು ಆ ಹಳೇ ಯುಗಾದಿಯವರೇ. ಓಯಿನ್ ತೊಟ್ಟಿಲ ಪಕ್ಕ ಕೂತಿದ್ದಳು. ನಾನು ನೇರ ಹೋಗಿ ಒಂದೊಂದೇ ಎಳೆ ತೆಗೆದು, "ಇದು ನಮ್ಮಮ್ಮ. ಇದು ಅವಳಮ್ಮ. ಇದು ಅವಳಿಗೂ ಅಮ್ಮ," ಎನ್ನುತ್ತಾ ಅವಳ ಕೊರಳಿಗೆ ಹಾಕಿದೆ.

"ಈಗ್ಯಾಕಮ್ಮ ಇದೆಲ್ಲ?" ಎಂದರು ಅವಳ ಅತ್ತೆ.

"ಮದುವೆ ದಿನವೇ ಆಗಬೇಕಿತ್ತು ಅಮ್ಮ. ತಡ ಮಾಡಿದವಳು ನಾನು. ವಿಡಿಯೋ ಇದ್ರೆ ಇದನ್ನೂ ತೆಗೀರಿ."

ಯಾರೂ ನಗಲಿಲ್ಲ. ಓಯಿನ್ ಒಂದು ಎಳೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. "ನಂಗೆ ಗೊತ್ತಿತ್ತು ಅಕ್ಕ," ಎಂದಳು. "ಅವತ್ತು ಆ ರೂಮಲ್ಲಿ ಇದೇ ಹೊಗೆ ವಾಸನೆ ಬರ್ತಿತ್ತು. ನೀನೇ ತೆಗೀತೀಯೇನೋ ಅಂತ ಕಾದೆ."

ನನ್ನ ಕೊರಳು ಬರಿದಾಗಿತ್ತು, ಹಗುರವಾಗಿತ್ತು. ಅವಳಿಗೊಬ್ಬಳಿಗೇ ಕೇಳುವ ಹಾಗೆ ಪಿಸುಗುಟ್ಟಬಹುದಿತ್ತು. ಆದರೆ ಆ ಸುಳ್ಳು ಹುಟ್ಟಿದ್ದೇ ಈ ಜನ ಏನಂದಾರು ಎಂದು, ನಿಜವೂ ಅವರಿಗೆ ಕೇಳಲಿ ಎಂದು ದನಿ ಎತ್ತಿದೆ.

"ಮರೆತಿರಲಿಲ್ಲ ಕಣೆ ಓಯಿನ್. ಚೀಲದಲ್ಲೇ ಇತ್ತು. ಇವರಿಗೆಲ್ಲ ಹೆದರಿ ಅಮ್ಮನನ್ನ ಕುರ್ಚಿ ಕೆಳಗೆ ತಳ್ಳಿದೆ. ತಪ್ಪಾಯ್ತು, ನನ್ನನ್ನ ಕ್ಷಮಿಸು."